ಹಾವುಗೆಯ ಪಕ್ಕದಲ್ಲಿ ಬಿಟ್ಟ ಚಪ್ಪಲಿ

ಹೋದ ತಿಂಗಳು ಶಿವಮೊಗ್ಗದಲ್ಲಿ ಒಂದು ಮದುವೆ ಮುಗಿಸಿಕೊಂಡು ದಾವಣಗೆರೆಗೆ ವಾಪಸು ಬರುವಾಗ, ನೇರ ದಾರಿ ಬಿಟ್ಟು ನ್ಯಾಮತಿ ಮೇಲೆ ಹೋಗೋಣ ಎಂದು ಡ್ರೈವರಿಗೆ ಹೇಳಿದವಳು ನಾನೇ. ಯಾಕೆ ಹೇಳಿದೆನೋ ಗೊತ್ತಿಲ್ಲ. ಊರು ಈಗ ತಾಲ್ಲೂಕು ಕೇಂದ್ರ. ರಸ್ತೆಯ ಎರಡೂ ಕಡೆ ಮೊಬೈಲು ಅಂಗಡಿ, ಬೈಕುಗಳ ಸಾಲು. ನನ್ನ ಕಾಲದ ಗುರುತು ಒಂದೂ ಕಣ್ಣಿಗೆ ಬೀಳಲಿಲ್ಲ. ಬೀಳದಿದ್ದದ್ದೇ ಒಳ್ಳೆಯದಾಯಿತು ಎಂದುಕೊಂಡು ಕಾರಿನ ಗಾಜು ಏರಿಸುವಷ್ಟರಲ್ಲಿ ಗುರೆಳ್ಳು ಹುರಿಯುವ ವಾಸನೆ ಬಂತು. ಬಸ್ ನಿಲ್ದಾಣದ ಪಕ್ಕದ ಖಾನಾವಳಿಯಲ್ಲಿ ಯಾರೋ ಚಟ್ನಿಪುಡಿಗೆ ಹುರಿಯುತ್ತಿದ್ದರು. ಇಳಿದು ಬಾಗಿಲ ಹತ್ತಿರ ಹೋಗಿ ನಿಂತೆ. ಒಳಗಿದ್ದ ಹೆಂಗಸು ಸೌಟು ಹಿಡಿದುಕೊಂಡೇ, "ಊಟ ಆತೇನ್ರಿ ಅಮ್ಮಾ?" ಎಂದು ಕೇಳಿದಳು. ಯಾರು ಬೇಕಾದರೂ ಯಾರನ್ನು ಬೇಕಾದರೂ ಕೇಳುವ ಮಾತು. ಎಪ್ಪತ್ತು ದಾಟಿದ ಡಾಕ್ಟರು ಖಾನಾವಳಿಯ ಬಾಗಿಲಲ್ಲಿ ಕಣ್ಣೊರೆಸಿಕೊಳ್ಳುವುದನ್ನು ನೋಡಿ ಡ್ರೈವರು ಗಾಬರಿಯಾದ.

ನ್ಯಾಮತಿ ನನ್ನ ಮೊದಲ ಪೋಸ್ಟಿಂಗು. ಎಪ್ಪತ್ತರ ದಶಕ ಮುಗಿಯಲು ಇನ್ನೊಂದೆರಡು ವರ್ಷ ಬಾಕಿಯಿತ್ತು. ನಾನು ಮೈಸೂರು ಕಡೆಯವಳು. ಹೊನ್ನಾಳಿ ತಾಲ್ಲೂಕಿನ ನ್ಯಾಮತಿ ಎಂದು ಆರ್ಡರು ಬಂದಾಗ ನಮ್ಮಪ್ಪ ಕನ್ನಡಕ ಹಾಕಿಕೊಂಡು ಭೂಪಟದಲ್ಲಿ ಹುಡುಕಿ, ಸಿಗದೆ, ಭೂಪಟವನ್ನೇ ಬೈದಿದ್ದರು. ಸರ್ಕಾರಿ ಆಸ್ಪತ್ರೆಯೆಂದರೆ ಒಂದು ಉದ್ದನೆಯ ಕೋಣೆ, ಆರು ಮಂಚ, ಒಂದು ಕಬ್ಬಿಣದ ಬೀರು, ಮತ್ತು ಕಾಂಪೌಂಡರ್ ಖಾದರ್ ಸಾಬ್. ಹಿಂದುಗಡೆ ನನ್ನ ಕ್ವಾರ್ಟರ್ಸು. ಸಂಜೆ ಆರಕ್ಕೆ ಕೊನೆಯ ರೋಗಿ ಹೊರಟರೆ ಮರುದಿನ ಬೆಳಿಗ್ಗೆವರೆಗೆ ನಾನು ಯಾರ ಜೊತೆಗೂ ಒಂದು ಮಾತಾಡುವ ಹಾಗಿರಲಿಲ್ಲ. ಎದುರು ಮನೆಯವರು ನನ್ನನ್ನು ಕಂಡರೆ ಎದ್ದು ನಿಲ್ಲುತ್ತಿದ್ದರೇ ಹೊರತು ಕೂತು ಮಾತಾಡುತ್ತಿರಲಿಲ್ಲ. ರೇಡಿಯೋದಲ್ಲಿ ವಾರ್ತೆ ಓದುವವರಿಗೆ "ಹೌದಾ?" ಎಂದು ಉತ್ತರ ಕೊಡುವ ಅಭ್ಯಾಸ ಹತ್ತಿಕೊಂಡಿತ್ತು. ಅಡುಗೆ ನನಗೆ ಬರುತ್ತಿರಲಿಲ್ಲ. ಉಪ್ಪಿಟ್ಟು, ಬಿಸ್ಕತ್ತು, ಬಾಳೆಹಣ್ಣು ಇಷ್ಟರಲ್ಲೇ ಒಂದು ತಿಂಗಳು ದೂಡಿದೆ.

ಖಾದರ್ ಸಾಬ್ ನೋಡಿ ನೋಡಿ ಒಂದು ದಿನ ಬಾಯಿ ಬಿಟ್ಟರು. "ಡಾಕ್ಟ್ರೇ, ಬಿಸ್ಕತ್ ತಿಂದ್ಕಂಡು ಎಷ್ಟ್ ದಿನ ಇರ್ತೀರಿ? ನೀಲಮ್ಮನ ಖಾನಾವಳಿಗೆ ಹೋಗ್ರಿ. ಮುಂದೆಲ್ಲ ಗಂಡಸ್ರು ಕುಂತಿರ್ತಾರೆ, ಹಿಂದಿನ ಬಾಗ್ಲಾಗೆ ಹೋಗ್ರಿ. ನಾನ್ ಹೇಳಿರ್ತೀನಿ."

ಹೀಗೆ ನಾನು ನೀಲಮ್ಮನ ಅಡುಗೆಮನೆಗೆ ಹಿಂಬಾಗಿಲಿನಿಂದ ಸೇರಿಕೊಂಡೆ. ನೀಲಮ್ಮನಿಗೆ ಆಗ ಐವತ್ತರ ಆಸುಪಾಸು. ಗಂಡ ತೀರಿಕೊಂಡ ಮೇಲೆ ಖಾನಾವಳಿ ಇಟ್ಟು ಮನೆ ನಿಲ್ಲಿಸಿದ ಹೆಂಗಸು. ಎತ್ತರದ ಆಳು, ಹಣೆ ತುಂಬ ವಿಭೂತಿ, ಗಂಡಸಿನಂಥ ದನಿ. ಮಕ್ಕಳಿರಲಿಲ್ಲ. ಮೈದುನ ಮಹೇಶಪ್ಪ ಮತ್ತು ಅವನ ಹೆಂಡತಿ ಗೌರಮ್ಮ ಜೊತೆಗಿದ್ದರು. ಗೌರಮ್ಮ ಒಲೆಯ ಮುಂದೆ ನೀಲಮ್ಮನ ಬಲಗೈ. ನನಗೆ ಒಲೆಯ ಪಕ್ಕ ಮಣೆ ಹಾಕಿದರು. ನಾನು ಜೋಳದ ರೊಟ್ಟಿಯನ್ನು ಎರಡು ಕೈಯಲ್ಲಿ ಹಿಡಿದು ಮುರಿಯುವುದನ್ನು ಕಂಡು ನೀಲಮ್ಮ, "ಮುದ್ದೆ ಸೀಮೆಯೋರು. ಬಿಡು ಗೌರಿ, ಕಲೀತಾರೆ" ಎಂದು ನಕ್ಕಳು. ಆ ಊರಿಗೆ ಬಂದ ಮೇಲೆ ನನ್ನನ್ನು ನೋಡಿ ಯಾರಾದರೂ ನಕ್ಕದ್ದು ಅದೇ ಮೊದಲು. ನನಗೆ ಅಳು ಬಂದಷ್ಟು ಸಂತೋಷವಾಯಿತು.

ಅಲ್ಲಿಂದ ದಿನಕ್ಕೆ ಎರಡು ಹೊತ್ತು ಅಲ್ಲೇ ಊಟ. ಮುಂದಿನ ಸಾಲಿನಲ್ಲಿ ಯಾರಾದರೂ ಕೆಮ್ಮಿದರೆ ನೀಲಮ್ಮ ಒಳಗಿನಿಂದಲೇ ಕೂಗುತ್ತಿದ್ದಳು: "ಏ, ಅನ್ನದ ಮ್ಯಾಲೆ ಕೆಮ್ಮಬ್ಯಾಡ. ನಮ್ಮ ಡಾಕ್ಟ್ರಮ್ಮ ಅದಾರೆ, ಹೋಗಿ ತೋರ್ಸು." ನಮ್ಮ ಡಾಕ್ಟ್ರಮ್ಮ ಎಂಬ ಮಾತಿಗೆ ನಾನು ಆಗ ಹೆಚ್ಚು ಬೆಲೆ ಕೊಡಲಿಲ್ಲ. ನಮ್ಮ ಬಸ್ಸು, ನಮ್ಮ ಎಮ್ಮೆ ಅನ್ನುವ ಹಾಗೆ ಅದೂ ಒಂದು ಮಾತಿನ ರೂಢಿ ಅಂದುಕೊಂಡೆ.

ಈಗ ನನ್ನ ಬುದ್ಧಿವಂತಿಕೆಯ ಕಥೆ ಹೇಳಬೇಕು. ಕಾಲೇಜಿನಲ್ಲಿ ಪದಕ ತೆಗೆದುಕೊಂಡವಳು ನಾನು. ಆ ಪದಕದವಳು ಮೂರು ನಾಲ್ಕು ತಿಂಗಳು ಒಬ್ಬ ಹೆಂಗಸಿನ ಎದುರಿಗೇ ಕೂತು ರೊಟ್ಟಿ ತಿಂದಳು. ಆ ಹೆಂಗಸು ದಿನದಿನಕ್ಕೆ ಸಣ್ಣಗಾಗುತ್ತಿದ್ದಳು. ರೊಟ್ಟಿ ಬಡಿಯುವುದನ್ನು ಗೌರಮ್ಮನಿಗೆ ಒಪ್ಪಿಸಿ ತಾನು ಬಾಗಿಲಿಗೆ ಒರಗಿ ನಿಲ್ಲುತ್ತಿದ್ದಳು, ಮಣೆಯ ಮೇಲೆ ಕೂರುತ್ತಲೇ ಇರಲಿಲ್ಲ. ತಿಳಿ ಬಣ್ಣದ ಸೀರೆ ಬಿಟ್ಟು ಬರೀ ಕಪ್ಪು, ಕಂದು ಬಣ್ಣದ್ದೇ ಉಡುತ್ತಿದ್ದಳು. ನಾನು ಇಷ್ಟನ್ನೂ ನೋಡಿದೆ, ಒಂದನ್ನೂ ಕಾಣಲಿಲ್ಲ. ಶಿವರಾತ್ರಿ ಕಳೆದು ಬಿಸಿಲು ಏರಿದ ಒಂದು ಮಧ್ಯಾಹ್ನ, ಅವಳು ಜೋಳದ ಚೀಲದ ಮೇಲಿಂದ ಎದ್ದಾಗ ಚೀಲದ ಮೇಲೆ ಅಂಗೈ ಅಗಲದ ರಕ್ತದ ಕಲೆ ಇತ್ತು. ನಾನು ಕಂಡದ್ದನ್ನು ಅವಳೂ ಕಂಡಳು. ಗೌರಮ್ಮ ಮುಂದಕ್ಕೆ ಸಾರು ಬಡಿಸಲು ಹೋಗಿದ್ದಳು.

"ಯಾವಾಗಿಂದ?" ಎಂದೆ.

"ದೀಪಾವಳಿಯಿಂದ. ನಿಂತೋಗಿದ್ದು ಮತ್ತೆ ಬಂತು ಅನ್ಕಂಡೆ."

ನನಗೆ ಸಿಟ್ಟು ನೆತ್ತಿಗೇರಿತು. "ದಿನಾ ಎರಡು ಹೊತ್ತು ನಿಮ್ಮ ಎದುರಿಗೇ ಕೂತಿರುತ್ತೇನಲ್ಲ ನೀಲಮ್ಮ, ಒಂದು ಮಾತು ಹೇಳಬಾರದಿತ್ತಾ?"

"ಉಣ್ಣೋರ ಮುಂದೆ ಅಂಥಾ ಮಾತು ಹೆಂಗ್ ತೆಗಿಯಾದ್ರೀ?" ಎಂದಳು.

ನಾನು ಒಂದೇ ಒಂದು ದಿನ ಅವಳನ್ನು ಆಸ್ಪತ್ರೆಗೆ ಬಾ ಎಂದು ಕರೆದಿದ್ದರೆ, ತಟ್ಟೆ ಮುಂದಿಲ್ಲದೆ ಒಂದು ಸಲ ಎದುರುಬದುರು ಕೂತಿದ್ದರೆ, ಹೇಳುತ್ತಿದ್ದಳು. ಅವಳ ಮನೆಯಲ್ಲಿ ನಾನು ಊಟಕ್ಕೆ ಬಂದವಳಾಗಿದ್ದೆನೇ ಹೊರತು ಡಾಕ್ಟರಾಗಿರಲಿಲ್ಲ.

ಆಸ್ಪತ್ರೆಗೆ ಬರಲು ಅವಳು ಒಪ್ಪಲಿಲ್ಲ. ಆ ದಿನವೇ ನನ್ನ ಕ್ವಾರ್ಟರ್ಸಿಗೆ ಕರೆದುಕೊಂಡು ಹೋಗಿ, ಕಿಟಕಿ ಮುಚ್ಚಿ ಪರೀಕ್ಷೆ ಮಾಡಿದೆ. ಗರ್ಭಕೋಶದ ಬಾಯಿಯ ಕ್ಯಾನ್ಸರ್. ಸುತ್ತಲೂ ಹಬ್ಬಿತ್ತು. ಬೆರಳಿಗೆ ತಿಳಿದದ್ದನ್ನು ಬಾಯಿಗೆ ತರದೆ, ಬೆಂಗಳೂರಿಗೆ ಹೋಗಬೇಕು ಎಂದಷ್ಟೇ ಹೇಳಿ ಕಾಗದ ಬರೆದುಕೊಟ್ಟೆ. ಮಹೇಶಪ್ಪ ಕರೆದುಕೊಂಡು ಹೋದ. ಎರಡು ತಿಂಗಳ ಮೇಲಾಯಿತು. ನಾನು ಅದೇ ಮಣೆಯ ಮೇಲೆ ಕೂತು ಗೌರಮ್ಮ ಬಡಿದ ರೊಟ್ಟಿ ತಿಂದು ಬರುತ್ತಿದ್ದೆ. ಖಾನಾವಳಿಯ ಗಂಡಸರು ಆ ಬೇಸಿಗೆ ಸದ್ದಿಲ್ಲದೆ ಉಂಡು ಎದ್ದುಹೋಗುತ್ತಿದ್ದರು.

ಮೊದಲ ಮಳೆ ಬಿದ್ದ ವಾರ ಅವರು ವಾಪಸು ಬಂದರು. ಕರೆಂಟು ಕೊಡಿಸಿದ್ದರು, ರೇಡಿಯೇಷನ್ನಿಗೆ ಅಲ್ಲಿ ಎಲ್ಲರೂ ಹಾಗೇ ಅನ್ನುತ್ತಿದ್ದುದು. ಮಹೇಶಪ್ಪ ಒಂದು ಲಕೋಟೆ ನನ್ನ ಕೈಗಿಟ್ಟು ಪಿಸುಗುಟ್ಟಿದ: "ಅತ್ಗೆಗೇನೂ ಹೇಳ್ಬ್ಯಾಡ್ರಿ ಡಾಕ್ಟ್ರೇ." ಒಳಗಿದ್ದದ್ದು ಇಂಗ್ಲಿಷಿನ ಎರಡು ಸಾಲು. ಇನ್ನು ಮಾಡುವಂಥದ್ದು ಏನೂ ಉಳಿದಿಲ್ಲ. ಮುಂದಿನ ಆರೈಕೆಯನ್ನು ರೋಗಿಯ ಸ್ವಂತ ಡಾಕ್ಟರು ನೋಡಿಕೊಳ್ಳತಕ್ಕದ್ದು. ಸ್ವಂತ ಡಾಕ್ಟರು ಎಂದರೆ ನಾನು. ಓದಿದಾಗ ನನಗಾದದ್ದು ಭಯ. ಮಾಡುವಂಥದ್ದು ಏನೂ ಇಲ್ಲದ ಮೇಲೆ ನಾನು ಏನು ಮಾಡಲಿ? ನಮ್ಮ ಐದೂವರೆ ವರ್ಷದ ಓದಿನಲ್ಲಿ ಅದಕ್ಕೊಂದು ಗಂಟೆಯ ಪಾಠವೂ ಇರಲಿಲ್ಲ.

ನೀಲಮ್ಮ ಗೋಡೆ ಹಿಡಿದು ನಿಂತು ಕೇಳಿದಳು: "ಏನ್ ಬರ್ದಾರೆ?"

"ಇನ್ಮೇಲೆ ನಾನೇ ನೋಡ್ಕೋಬೇಕಂತೆ."

"ನೀವಲ್ದೆ ಮತ್ಯಾರ್ ನೋಡ್ತಾರೆ? ಇದೊಂದ್ ಮಾತ್ ಬರಿಯಾಕೆ ಅಷ್ಟ್ ದೂರ ಕರೆಸ್ಕಂಡ್ರಾ?"

ಅಡುಗೆಮನೆಯ ಹಿಂದೆ ಜೋಳದ ಚೀಲ ಇಡುವ ಕೋಣೆಯಿತ್ತು. ಚೀಲಗಳನ್ನು ಸಾಗಿಸಿ ಅಲ್ಲಿ ಮಂಚ ಹಾಕಿದರು. ಮುಂಜಾನೆ ಆಸ್ಪತ್ರೆಗೆ ಹೋಗುವ ಮೊದಲು ಒಂದು ಸಲ, ಸಂಜೆ ಒಂದು ಸಲ ನಾನು ಹೋಗುತ್ತಿದ್ದೆ. ಕ್ಯಾನ್ಸರ್ ತೊಡೆಸಂದಿಗೂ ಹಬ್ಬಿ ಹುಣ್ಣಾಗಿತ್ತು, ಬಾಗಿಲು ಹಾಕಿಕೊಂಡು ಆ ಗಾಯ ತೊಳೆಯುತ್ತಿದ್ದೆ. ಆ ಕೆಲಸಕ್ಕೆ ಗೌರಮ್ಮನನ್ನೂ ನೀಲಮ್ಮ ಒಳಗೆ ಬಿಡುತ್ತಿರಲಿಲ್ಲ. ರೋಗಕ್ಕೆ ವಾಸನೆಯಿತ್ತು. ಎಷ್ಟು ತೊಳೆದರೂ ಹೋಗದ ವಾಸನೆ. ಮಂಚದ ಕೆಳಗೆ ಬುಟ್ಟಿಯಲ್ಲಿ ಇದ್ದಿಲು ಇಡಬೇಕೆಂದು ಹೇಳಿದವಳು ಅವಳೇ, ನಾನಲ್ಲ. ಖಾನಾವಳಿಯ ಒಲೆಯ ಇದ್ದಿಲನ್ನೇ ಗೌರಮ್ಮ ದಿನಾ ಬದಲಾಯಿಸುತ್ತಿದ್ದಳು. ವಾಸನೆ ಸ್ವಲ್ಪ ಮಟ್ಟಿಗೆ ಹಿಡಿತಕ್ಕೆ ಬಂತು. ನೋವಿಗೆ ಪೆಥಿಡಿನ್ ಇಂಜೆಕ್ಷನ್. ಅದನ್ನು ಶಿವಮೊಗ್ಗದಿಂದ ತರಿಸಿ ಆಸ್ಪತ್ರೆಯ ಕಬ್ಬಿಣದ ಬೀರುವಿನಲ್ಲಿ ಇಡುತ್ತಿದ್ದೆವು. ಮತ್ತು ಬರಿಸುವ ಔಷಧಿಯಾದ್ದರಿಂದ ಬೀರುವಿನ ಬೀಗದ ಕೈ ಡಾಕ್ಟರ ಹತ್ತಿರವೇ ಇರಬೇಕೆಂಬುದು ನಿಯಮ, ನನ್ನ ಚೀಲದಲ್ಲೇ ಇರುತ್ತಿತ್ತು. ಸಿರಿಂಜನ್ನು ಅವಳ ಒಲೆಯ ಮೇಲೆ, ರೊಟ್ಟಿಯ ಹಂಚಿನ ಪಕ್ಕದಲ್ಲೇ ಸಣ್ಣ ಪಾತ್ರೆಯಲ್ಲಿಟ್ಟು ಕುದಿಸುತ್ತಿದ್ದೆ.

ಆದರೆ ಸೂಜಿ ಚುಚ್ಚಿಸಿಕೊಳ್ಳಲು ನೀಲಮ್ಮ ಒಂದು ಷರತ್ತು ಹಾಕಿದ್ದಳು. "ನೀವು ಮೊದ್ಲು ಉಣ್ರಿ. ಆಮ್ಯಾಲೆ ಸೂಜಿ. ನಂಗೆ ನಿದ್ದೆ ಹತ್ತಿದ್ರೆ ನೀವು ಉಂಡ್ರೋ ಬಿಟ್ರೋ ಯಾರ್ ನೋಡ್ತಾರೆ?" ನೋವಿನಲ್ಲಿ ಹಲ್ಲು ಕಚ್ಚಿಕೊಂಡೇ ಕೇಳುತ್ತಿದ್ದಳು: "ಉಂಡ್ರಾ?" ನಾನು ಉಂಡೆ ಎಂದ ಮೇಲೆ ತೋಳು ಚಾಚುತ್ತಿದ್ದಳು. ತಟ್ಟೆಯನ್ನು ಅವಳ ಮಂಚದ ಪಕ್ಕಕ್ಕೇ ತಂದು ತಿನ್ನತೊಡಗಿದೆ. ಹೊರಗೆ ಗೌರಮ್ಮ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು. ಮಲಗಿದಲ್ಲಿಂದಲೇ ನೀಲಮ್ಮ, "ಗೌರೀ, ದಪ್ಪ ಆತು, ಇನ್ನೊಂದ್ ನಾಕ್ ಏಟು" ಎನ್ನುತ್ತಿದ್ದಳು. ಕೈಯ ಸದ್ದಿನಲ್ಲೇ ರೊಟ್ಟಿಯ ದಪ್ಪ ತಿಳಿಯುತ್ತಿತ್ತು ಅವಳಿಗೆ.

ಒಂದು ಸಂಜೆ ನನ್ನ ಕೈಲಾಗಲಿಲ್ಲ. ಇದ್ದಿಲು ಬದಲಾಯಿಸಿರಲಿಲ್ಲವೋ ಏನೋ, ತುತ್ತು ಬಾಯಿಗೆ ಹೋದದ್ದೇ ತಟ್ಟೆ ಬಿಟ್ಟು ಹಿತ್ತಲಿಗೆ ಓಡಿ ವಾಂತಿ ಮಾಡಿದೆ. ವಾಪಸು ಬಂದಾಗ ನೀಲಮ್ಮ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. "ನಾಳೆಯಿಂದ ಒಲೆ ಹತ್ರಾನೇ ಉಣ್ರಿ" ಎಂದಳು. ಅಷ್ಟೇ. ಅಷ್ಟು ದಿನ ನೋವಿಗೂ ಅಳದವಳ ದನಿ ಒಡೆದಿತ್ತು. ನಾನು ಮರುದಿನವೂ ತಟ್ಟೆ ಹಿಡಿದು ಅವಳ ಮಂಚದ ಪಕ್ಕಕ್ಕೇ ಹೋಗಿ ಕೂತೆ. ರಾತ್ರಿ ಕ್ವಾರ್ಟರ್ಸಿನಲ್ಲಿ ಒಬ್ಬಳೇ ಮಲಗಿದಾಗ ನನ್ನ ಕೈಯಿಂದ, ನನ್ನ ಸೀರೆಯಿಂದಲೇ ಆ ವಾಸನೆ ಬರುತ್ತಿತ್ತು. ಆ ಕೋಣೆಯಲ್ಲಿ ಆಗುವುದನ್ನು ಹೇಳಿಕೊಳ್ಳಲು ನನಗೆ ಇಡೀ ಊರಿನಲ್ಲಿ ಒಬ್ಬಳೇ ಇದ್ದಳು, ಅವಳೇ ಆ ಮಂಚದ ಮೇಲೆ ಮಲಗಿದ್ದಳು.

ಆಷಾಢ ಮುಗಿಯುತ್ತಾ ಬಂದಿತ್ತು. ಜಿಟಿಜಿಟಿ ಮಳೆ, ಹಗಲೇ ದೀಪ ಹಚ್ಚಬೇಕು. ಗಾಯ ತೊಳೆದು ಬಟ್ಟೆ ಕಟ್ಟುತ್ತಿದ್ದಾಗ ನೀಲಮ್ಮ ನನ್ನ ಮಣಿಕಟ್ಟು ಹಿಡಿದುಕೊಂಡಳು.

"ಡಾಕ್ಟ್ರಮ್ಮ, ಒಂದ್ ಮಾತು. ನಾನ್ ಹೋದ್ ಮ್ಯಾಲೆ ಮೈ ತೊಳಿಯಾಕೆ ಹೆಂಗಸ್ರು ಬರ್ತಾರೆ. ಬೀಗರು, ನೆಂಟರು, ಓಣಿಯೋರು. ಎಲ್ರಿಗೂ ಅನ್ನ ಹಾಕಿದ ಮೈ ಇದು. ಅವ್ರು ಇದನ್ನ ನೋಡಬಾರ್ದು. ನೀವೇ ಅಲ್ಲಿ ತೊಳೆದು, ಹಿಂಗೇ ಕಟ್ಟಿಬಿಡ್ರಿ. ಆಮ್ಯಾಲೆ ಬಾಗ್ಲು ತೆಗೀರಿ."

"ಹಾಗೆಲ್ಲ ಯಾಕೆ ಮಾತಾಡ್ತೀರಿ, ಇನ್ನೂ..." ಎಂದು ಶುರು ಮಾಡಿದೆ.

"ಬ್ಯಾರೆಯೋರ್ ಹತ್ರ ಆಟ ಆಡ್ರಿ. ನಂಗೆಲ್ಲ ಗೊತ್ತೈತೆ. ಮಹೇಶ ಬಸ್ಸಿನಾಗೆ ಬೆಂಗಳೂರಿಂದ ಇಲ್ಲೀವರ್ಗೆ ಅತ್ಗಂಡೇ ಬಂದ." ಸ್ವಲ್ಪ ಹೊತ್ತು ಉಸಿರು ತೆಗೆದುಕೊಂಡು ಮತ್ತೆ ಹೇಳಿದಳು: "ಹೋಗಾವಾಗ್ಲೂ ಬರ್ರಿ. ಸೂಜಿ ಬ್ಯಾಡ ಅವಾಗ. ಸುಮ್ನೆ ಕುಂತ್ಕಳ್ರಿ. ಬರ್ತೀರಿ ತಾನೆ?"

ಬರುತ್ತೇನೆ ಎಂದೆ. ಎರಡಕ್ಕೂ ಒಪ್ಪಿದೆ. ಅವಳು ಕೈ ಬಿಟ್ಟಳು.

ಶ್ರಾವಣದ ಮೊದಲ ವಾರ. ಅವಳು ಊಟ ಬಿಟ್ಟು ಐದಾರು ದಿನವಾಗಿತ್ತು, ಗುಟುಕು ನೀರಿನ ಮೇಲೆ ಇದ್ದಳು. ಆ ದಿನ ಮಧ್ಯಾಹ್ನದ ಮೇಲೆ ನನಗೆ ಹೊನ್ನಾಳಿಯಲ್ಲಿ ಮೀಟಿಂಗು. ಬೆಳಿಗ್ಗೆ ಹೋಗಿ ಇಂಜೆಕ್ಷನ್ ಕೊಟ್ಟು ಬಂದಿದ್ದೆ. ಹನ್ನೆರಡರ ಹೊತ್ತಿಗೆ ಬಸ್ಸಿಗೆ ಹೋಗುವ ದಾರಿಯಲ್ಲಿ ಇನ್ನೊಂದು ಸಲ ನೋಡಿಹೋಗೋಣ ಎಂದು ಹಿಂಬಾಗಿಲಿಗೆ ಬಂದೆ. ಹೊಸ್ತಿಲ ಹೊರಗೆ ಮರದ ಹಾವುಗೆ ಇತ್ತು. ಊರಲ್ಲಿ ಹಾವುಗೆ ಮೆಟ್ಟುತ್ತಿದ್ದವರು ಅಯ್ಯನೋರು ಒಬ್ಬರೇ, ಲಿಂಗಾಯತರ ಮನೆಗಳಿಗೆ ಪೂಜೆಗೆ ಬರುವ ಜಂಗಮರು. ಒಳಗಿನಿಂದ ಮಂತ್ರ ಕೇಳುತ್ತಿತ್ತು, ಲೋಬಾನದ ಹೊಗೆ ಬರುತ್ತಿತ್ತು. ಜೀವ ಹೋಗುವ ಮೊದಲು ಅಯ್ಯನೋರನ್ನು ಕರೆಸಿ, ಅವರ ಪಾದಪೂಜೆ ಮಾಡಿ, ವಿಭೂತಿ ಹಚ್ಚಿಸುವ ಪದ್ಧತಿ ಅವರದು. ವಿಭೂತಿ ವೀಳ್ಯ ಎನ್ನುತ್ತಾರೆ. ಹಿಂದೊಮ್ಮೆ ಇನ್ಯಾರದೋ ಮನೆಯ ವಿಷಯ ಬಂದಾಗ ಖಾದರ್ ಸಾಬ್ ನನಗೆ ಹೇಳಿದ್ದರು: "ಅಯ್ನೋರು ಒಳಗ್ ಹೋದ್ರು ಅಂದ್ರೆ ಡಾಕ್ಟ್ರು ಹೋಗಂಗಿಲ್ರಿ. ಮನೆಯೋರು ಆಸೆ ಬಿಟ್ಟಾರೆ ಅಂತ. ನಾವ್ ಹೋದ್ರೆ ಬ್ಯಾಸರ ಮಾಡ್ಕಂತಾರೆ."

ನಾನು ಹೊಸ್ತಿಲ ಹೊರಗೆ ಹಾವುಗೆ ನೋಡುತ್ತಾ ನಿಂತೆ. ಕೊಟ್ಟ ಮಾತು ನೆನಪಿರಲಿಲ್ಲವೆಂದಲ್ಲ. ಚೆನ್ನಾಗಿ ನೆನಪಿತ್ತು. ಆದರೆ ಅವರ ಪದ್ಧತಿಗೆ ಅಡ್ಡ ಬರಬಾರದು, ನನ್ನ ಕೆಲಸ ಇಲ್ಲಿಗೆ ಮುಗಿಯಿತು ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ನನಗೆ ಹಗುರವಾಯಿತು. ಎರಡೂವರೆ ತಿಂಗಳಿನಿಂದ ಆ ವಾಸನೆ, ಆ ತೊಳೆಯುವುದು, ಉಂಡ್ರಾ ಎಂಬ ಆ ಪ್ರಶ್ನೆ ಎಲ್ಲ ಸೇರಿ ನನ್ನನ್ನು ಹಣ್ಣು ಮಾಡಿದ್ದವು. ಸದ್ದಾಗದಂತೆ ತಿರುಗಿ ಬಂದು ಹೊನ್ನಾಳಿ ಬಸ್ಸು ಹತ್ತಿದೆ. ಬಸ್ಸಿನಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕಿದ್ದಕ್ಕೆ ಖುಷಿಪಟ್ಟದ್ದೂ ನೆನಪಿದೆ.

ಮೀಟಿಂಗು ತಡವಾಯಿತು. ಮಳೆ ಜೋರಾಗಿ ಸಂಜೆಯ ಬಸ್ಸು ಬರಲೇ ಇಲ್ಲ. ಮೀಟಿಂಗಿಗೆ ಬಂದಿದ್ದ ಹೊನ್ನಾಳಿಯ ಲೇಡಿ ಡಾಕ್ಟರ ಮನೆಯಲ್ಲಿ ಉಳಿದುಕೊಂಡೆ. ಎಷ್ಟೋ ದಿನದ ಮೇಲೆ ಅವಳ ಜೊತೆ ನಕ್ಕು ಮಾತಾಡಿದೆ, ಸಿನಿಮಾ ವಿಷಯ ಮಾತಾಡಿದೆ. ನೀಲಮ್ಮನ ವಿಷಯ ಎತ್ತಲಿಲ್ಲ.

ಬೆಳಿಗ್ಗೆ ಮೊದಲ ಬಸ್ಸಿನಿಂದ ನ್ಯಾಮತಿಯಲ್ಲಿ ಇಳಿದಾಗ ಖಾದರ್ ಸಾಬ್ ಛತ್ರಿ ಹಿಡಿದು ನಿಂತಿದ್ದರು. ಕಣ್ಣು ಕೆಂಪಗಾಗಿತ್ತು. "ಡಾಕ್ಟ್ರೇ, ಬೀರು ಕೀಲಿ ನಿಮ್ ಹತ್ರ ಐತೆ" ಎಂದರು. ನನಗೆ ಅರ್ಥವಾಗಲಿಲ್ಲ. "ನೀಲಮ್ಮ ಇನ್ನೂ ಅದಾರೆ. ಗೌರಮ್ಮ ನಿನ್ನೆ ಸಂಜೆ ಎರಡ್ ಸಲ ಬಂದಿದ್ಲು, ಸೂಜಿ ಮಾಡ್ರಿ ಅಂತ. ನಾನು ಬೀರು ಮುಂದೆ ನಿಂತಿದ್ದೇ ಬಂತು."

ನನ್ನ ಚೀಲದ ತಳದಲ್ಲಿ ಆ ಬೀಗದ ಕೈ ಹೊನ್ನಾಳಿಗೆ ಹೋಗಿ, ಸಿನಿಮಾ ಮಾತು ಕೇಳಿಕೊಂಡು, ವಾಪಸು ಬಂದಿತ್ತು. ಆಸ್ಪತ್ರೆಗೆ ಓಡಿ ಇಂಜೆಕ್ಷನ್ ತೆಗೆದುಕೊಂಡು ಅವಳ ಮನೆಗೆ ಓಡಿದೆ. ಹಿಂಬಾಗಿಲಲ್ಲಿ ಮತ್ತೆ ಹಾವುಗೆ. ಈ ಸಲ ಮಹೇಶಪ್ಪ ಮತ್ತು ಅಯ್ಯನೋರು ಹೊರಗೇ ಕಟ್ಟೆಯ ಮೇಲೆ ಕೂತಿದ್ದರು. ಮಹೇಶಪ್ಪ ನನ್ನ ಮುಖ ನೋಡಲಿಲ್ಲ. ನಾನು ತೊದಲುತ್ತಾ, "ಅಯ್ಯನೋರು ಬಂದ ಮೇಲೆ ಡಾಕ್ಟರು ಬರಬಾರದು ಅಂತ..." ಎಂದೆ.

ಅಯ್ಯನೋರು ತಲೆ ಎತ್ತಿದರು. ವಯಸ್ಸಾದವರು, ಹಲ್ಲಿರಲಿಲ್ಲ. "ಯಾರ್ ಹೇಳಿದ್ರು ತಾಯಿ ನಿಮ್ಗೆ? ನಂದೇನೈತೆ, ಅರ್ಧ ತಾಸಿನ ಪೂಜೆ. ಅದಾದ್ ಮ್ಯಾಲೆ ಆಯಮ್ಮ ನಿನ್ನೆಯಿಂದ ಬಾಗ್ಲು ನೋಡ್ಕಂಡೇ ಅದಾಳೆ. ಹೋಗ್ರಿ ಒಳಗೆ."

ಹಾಗಾದರೆ ಅಂಥ ಪದ್ಧತಿಯೇ ಇರಲಿಲ್ಲ. ಖಾದರ್ ಸಾಬ್ ಎಲ್ಲೋ ಯಾರಿಂದಲೋ ಕೇಳಿದ್ದು, ನನಗೆ ಬೇಕಿದ್ದದ್ದು, ಎರಡೂ ಕೂಡಿ ಒಂದು ಪದ್ಧತಿಯಾಗಿತ್ತು. ಒಬ್ಬರನ್ನೂ ಕೇಳದೆ ನಾನು ಅದನ್ನು ನಂಬಿದ್ದೆ.

ಗೋಡೆಗೆ ದಿಂಬು ಕೊಟ್ಟು ನೀಲಮ್ಮನನ್ನು ಒರಗಿಸಿ ಕೂರಿಸಿದ್ದರು. ಹಣೆ, ತೋಳು, ಎದೆ ತುಂಬ ವಿಭೂತಿ. ಕೆಳತುಟಿ ಕಚ್ಚಿ ಕಚ್ಚಿ ಗಾಯವಾಗಿತ್ತು. ನೋವು ತಡೆದುಕೊಂಡದ್ದರ ಲೆಕ್ಕವೆಲ್ಲ ಆ ತುಟಿಯ ಮೇಲಿತ್ತು. ಗೌರಮ್ಮ ಕಾಲ ಹತ್ತಿರ ಕೂತಿದ್ದಳು. ನೀಲಮ್ಮನ ಕಣ್ಣು ಬಾಗಿಲಿಂದ ಸರಿದು ನನ್ನ ಮುಖದ ಮೇಲೆ ನಿಂತಿತು. ಬೈಯುತ್ತಾಳೆ ಅಂದುಕೊಂಡೆ. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಅವಳ ತುಟಿ ಅಲ್ಲಾಡಿತು. ಹತ್ತಿರ ಹೋಗಿ ಕಿವಿಯಿಟ್ಟೆ.

"ಉಂಡ್ರಾ?" ಎಂದಳು.

ನಾನು ಹಿಂದಿನ ರಾತ್ರಿ ಹೊಟ್ಟೆ ತುಂಬ ಉಂಡವಳು, ಬೆಳಿಗ್ಗೆಯಿಂದ ನೀರೂ ಮುಟ್ಟಿರಲಿಲ್ಲ. ಉಂಡೆ ಎಂದೆ. ಅವಳು ತೋಳು ಚಾಚಲು ನೋಡಿದಳು, ಆಗಲಿಲ್ಲ. ನಾನೇ ಎತ್ತಿಕೊಂಡು ಇಂಜೆಕ್ಷನ್ ಕೊಟ್ಟೆ. ಸ್ವಲ್ಪ ಹೊತ್ತಿಗೆ ಹುಬ್ಬಿನ ಗಂಟು ಬಿಚ್ಚಿತು. ಆಮೇಲೆ ಸಿರಿಂಜು ಪಕ್ಕಕ್ಕಿಟ್ಟು, ಅವಳು ಹೇಳಿದ್ದ ಹಾಗೆ, ಸುಮ್ಮನೆ ಕೂತೆ. ಆ ದಿನ ಆಸ್ಪತ್ರೆಗೆ ಹೋಗಲಿಲ್ಲ. ಹೊರಗೆ ಖಾನಾವಳಿಯ ಒಲೆ ಹಚ್ಚಿರಲಿಲ್ಲ, ರೊಟ್ಟಿಯ ಸದ್ದಿಲ್ಲ, ಹೆಂಚಿನ ಮೇಲೆ ಮಳೆ ಮಾತ್ರ. ಮಧ್ಯಾಹ್ನ ಮೂರರ ಹೊತ್ತಿಗೆ ಅವಳ ಉಸಿರು ದೂರ ದೂರವಾಗಿ, ಇನ್ನೊಂದು ಬರುತ್ತದೆ ಎಂದು ನಾವು ಕಾಯುತ್ತಿದ್ದ ಹಾಗೆಯೇ ನಿಂತುಹೋಯಿತು. ನಾನು ನಾಡಿ ನೋಡಿದೆ. ಗೌರಮ್ಮನಿಗೆ ತಲೆಯಾಡಿಸಿದೆ.

ಅಳು ಕೇಳಿ ಹೆಂಗಸರು ಬಂದರು. ಹಂಡೆಯಲ್ಲಿ ನೀರು ಕಾಯಿಸತೊಡಗಿದರು. ನಾನು ಎದ್ದು ಗೌರಮ್ಮನನ್ನೂ ಹೊರಗೆ ಕಳಿಸಿ ಕೋಣೆಯ ಬಾಗಿಲು ಹಾಕಿ ಅಗಳಿ ಇಕ್ಕಿದೆ. ದಿನಾ ಮಾಡಿದ ಕೆಲಸವೇ. ಬಟ್ಟೆ ಬಿಚ್ಚಿ, ತೊಳೆದು, ಒರೆಸಿ, ಹತ್ತಿ ಇಟ್ಟು ಕಟ್ಟಿದೆ. ಇವತ್ತು ಅವಳು ನನ್ನ ಮಣಿಕಟ್ಟು ಹಿಡಿಯಲಿಲ್ಲ, ನಿಧಾನ ಎನ್ನಲಿಲ್ಲ. ಇದ್ದಿಲಿನ ಬುಟ್ಟಿಯನ್ನು ಮಂಚದ ಕೆಳಗಿಂದ ಎಳೆದು ಕಿಟಕಿಯಿಂದಲೇ ಹಿತ್ತಲಿಗೆ ಸುರಿದೆ. ಆಮೇಲೆ ಬಾಗಿಲು ತೆಗೆದೆ.

ಹೊರಗೆ ನಿಂತಿದ್ದ ವಯಸ್ಸಾದ ಹೆಂಗಸೊಬ್ಬಳು ನನ್ನ ಒದ್ದೆ ಕೈ ನೋಡಿ ಗೌರಮ್ಮನನ್ನು ಕೇಳಿದಳು: "ಅಲ್ಲವ್ವಾ, ಡಾಕ್ಟ್ರು ಎಲ್ಲಾದ್ರೂ ಹೆಣ ತೊಳೀತಾರಾ?"

ಆ ಇಡೀ ದಿನ ನನ್ನ ಜೊತೆ ಒಂದು ಮಾತೂ ಆಡಿರದ ಗೌರಮ್ಮ, ಕಣ್ಣೊರೆಸಿಕೊಳ್ಳುತ್ತಾ ಹೇಳಿದಳು: "ಇವ್ರು ನಮ್ಮ ಡಾಕ್ಟ್ರು, ತೊಳೀತಾರೆ."

ಅವಳು ಕ್ಷಮಿಸಿ ಹಾಗೆ ಹೇಳಿದಳೋ, ಚುಚ್ಚಲೆಂದೇ ಹೇಳಿದಳೋ ನನಗೆ ಗೊತ್ತಾಗಲಿಲ್ಲ. ಕೇಳುವ ಧೈರ್ಯವೂ ಬರಲಿಲ್ಲ. ಆಮೇಲೆ ಆ ಹಿಂಬಾಗಿಲಿಗೆ ನಾನು ಹೋಗಲಿಲ್ಲ. ಮತ್ತೆ ಬಿಸ್ಕತ್ತು, ಬಾಳೆಹಣ್ಣು. ದಿನವೂ ಸಂಜೆ ಆರಾದ ಮೇಲೆ ರೇಡಿಯೋ. ಕಾರ್ತಿಕದಲ್ಲಿ ಜಗಳೂರಿಗೆ ವರ್ಗವಾಯಿತು, ನಾನೇ ಕೇಳಿಕೊಂಡಿದ್ದೆ. ಪೆಟ್ಟಿಗೆ ಬಸ್ಸಿಗೆ ಏರಿಸಿ ಖಾದರ್ ಸಾಬ್ ಬಹಳ ಹೊತ್ತು ನಿಂತಿದ್ದರು. "ನಾನ್ ಅವತ್ತು ಹಂಗೆ ಹೇಳಬಾರ್ದಿತ್ರೀ" ಎಂದರು. ಹೇಳಿದವರು ನೀವಾದರೂ ತಿರುಗಿ ಹೋದವಳು ನಾನು ಎಂದೆ.

ಎಷ್ಟೋ ವರ್ಷದ ಮೇಲೆ, ಎಂಬತ್ತರ ದಶಕದ ಕೊನೆಯಲ್ಲಿ, ಸರ್ಕಾರದವರು ನಮ್ಮನ್ನೊಂದು ತರಬೇತಿಗೆ ಕರೆಸಿದ್ದರು. ಸಾಯುವ ರೋಗಿಗಳಿಗೆಂದೇ ಮನೆಗಳಿರುತ್ತವೆ, ಹಾಸ್ಪಿಸ್ ಎನ್ನುತ್ತಾರೆ ಎಂದು ಅಲ್ಲಿ ಮೊದಲ ಸಲ ಕೇಳಿದೆ. ಅಂಥ ಕಡೆ ರೋಗಿಯ ಸ್ವಂತ ಡಾಕ್ಟರ ಪಾತ್ರವೇನು ಎಂದು ಪಾಠ ಮಾಡುವವರು ಪ್ರಶ್ನೆ ಹಾಕಿದರು. ಒಬ್ಬರು ಹಳೆಯ ಕಾಗದಪತ್ರ ಕಳಿಸುವುದು ಎಂದರು. ಇನ್ನೊಬ್ಬರು ಔಷಧಿಯ ಪಟ್ಟಿ ಎಂದರು. ನಾನು ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ನನಗೆ ನೆನಪಾದದ್ದು ಜಗಳೂರಿನ ಒಂದು ಹೊಸ್ತಿಲು.

ಅಲ್ಲಿಗೆ ವರ್ಗವಾದ ಮೊದಲ ವರ್ಷವೇ ಊರ ಹೊರಗಿನ ಒಂದು ಮನೆಗೆ ನೋಡಲು ಹೋಗಬೇಕಾಯಿತು. ಮುದುಕ, ಹೊಟ್ಟೆಯಲ್ಲಿ ಗಡ್ಡೆ, ದೊಡ್ಡಾಸ್ಪತ್ರೆಯಿಂದ ವಾಪಸು ಕಳಿಸಿದ್ದರು. ಹದಿನೈದು ದಿನದಿಂದ ನಾನೇ ನೋಡುತ್ತಿದ್ದೆ. ಆ ದಿನ ಬಿಸಿಲಲ್ಲಿ ನಡೆದು ಹೋಗಿ ನೋಡುತ್ತೇನೆ, ಹೊಸ್ತಿಲ ಹೊರಗೆ ಒಂದು ಜೊತೆ ಹಾವುಗೆ. ಒಳಗೆ ಮಂತ್ರ. ಕಾಲು ತಾನೇ ತಾನಾಗಿ ಒಂದು ಹೆಜ್ಜೆ ಹಿಂದಕ್ಕೆ ಹೋಯಿತು. ಆಮೇಲೆ ಬಗ್ಗಿ, ನನ್ನ ಚಪ್ಪಲಿ ಬಿಚ್ಚಿ, ಹಾವುಗೆಯ ಪಕ್ಕದಲ್ಲಿ ಸರಿಯಾಗಿ ಜೋಡಿಸಿಟ್ಟೆ. ಬೀರುವಿನ ಬೀಗದ ಕೈಯನ್ನು ಆ ಹೊತ್ತಿಗಾಗಲೇ ಅಲ್ಲಿನ ಕಾಂಪೌಂಡರಿಗೆ ಕೊಟ್ಟು ಬಂದಿದ್ದೆ, ನಿಯಮ ಏನಾದರೂ ಇರಲಿ. ಒಳಗೆ ಹೋಗಿ ಗೋಡೆಯ ಪಕ್ಕ ಕೂತೆ. ಯಾರೂ ನನ್ನನ್ನು ಹೊರಗೆ ಹೋಗು ಎನ್ನಲಿಲ್ಲ. ಮುದುಕನ ಮಗಳು ಹತ್ತಿರ ಬಂದು, ಬಿಸಿಲಲ್ಲಿ ಬಂದಿದ್ದೀರಿ, ಉಂಡ್ರಾ ಎಂದು ಕೇಳಿದಳು.

ಇಲ್ಲ ಎಂದೆ. ಆ ಮನೆಯಲ್ಲಿ ಎಲ್ಲರ ಮುಂದೆ ಅತ್ತುಬಿಟ್ಟೆ.